ಬಂಡೆ ಗುಡಿಸುವ ದಿನ

"ಗುರುಗಳೇ, ಹಳೆಯ ದಿನಗಳನ್ನು ನೆನೆದು ಮರುಗುವುದು ತಪ್ಪೇ?"

ಕೇಳಿದವನು ಹುಟ್ಟೂರಿಗೆ ಹೋಗಿ ಆ ದಿನವಷ್ಟೇ ಮಠಕ್ಕೆ ಮರಳಿದ್ದ ಶಿಷ್ಯ. ಅವನೇ ಮುಂದುವರಿಸಿದ.

"ನಮ್ಮೂರು ಈಗ ನಮ್ಮೂರಾಗಿ ಉಳಿದಿಲ್ಲ. ಎಲ್ಲೆಲ್ಲಿಂದಲೋ ಜನ ಬಂದು ತುಂಬಿದ್ದಾರೆ. ಕೆರೆ ಬೇಸಿಗೆಗೆ ಮೊದಲೇ ತಳ ಕಾಣುತ್ತಿದೆ. ನಾನು ಆಡಿ ಬೆಳೆದ ಬೀದಿಯಲ್ಲಿ ಗಾಡಿಗಳಿಗೆ ಹೆದರಿ ಗೋಡೆಗೆ ಒತ್ತಿಕೊಂಡು ನಡೆದೆ. ನನ್ನ ಗುರುತು ಹಿಡಿದವರು ಇಬ್ಬರೋ ಮೂವರೋ ಇದ್ದರು. ಅವರೊಡನೆ ಕುಳಿತು ಹಳೆಯದನ್ನೆಲ್ಲ ಮಾತಾಡಿದೆ. ಏಳುವಾಗ ಎಲ್ಲರ ಕಣ್ಣೂ ತುಂಬಿತ್ತು."

ಗುರುಗಳು ಈ ಕತೆ ಹೇಳಿದರು.

ಬಯಲುಸೀಮೆಯಲ್ಲಿ ಒಂದು ಸಣ್ಣ ಊರಿತ್ತು. ಅಲ್ಲಿ ಹೊಳೆಯಿಲ್ಲ, ಕೆರೆಯಿಲ್ಲ. ಬಾವಿ ತೋಡಲು ಹೋದರೆ ಬರೀ ಕಲ್ಲು. ಊರಿನ ಬೆನ್ನಿಗೆ ಒಂದು ಬೋಳು ಗುಡ್ಡವಿತ್ತು. ಅದರ ಮೇಲೆ ಬಿದ್ದ ಮಳೆ ಬಂಡೆಯ ಇಳಿಜಾರಿನಲ್ಲಿ ಹರಿದುಬಂದು ಕೆಳಗಿನ ದೊಣೆಯಲ್ಲಿ ನಿಲ್ಲುತ್ತಿತ್ತು. ಕಲ್ಲಿನಲ್ಲೇ ಆದ ಆ ಆಳವಾದ ಹೊಂಡದ ನೀರನ್ನು ಊರಿಗೆ ಊರೇ ವರ್ಷವಿಡೀ ಕುಡಿಯುತ್ತಿತ್ತು.

ಮುಂಗಾರಿನ ಮೋಡ ಕಂಡಿತೆಂದರೆ ಊರವರೆಲ್ಲ ಒಂದು ದಿನ ಕೆಲಸ ಬಿಟ್ಟು ಗುಡ್ಡ ಹತ್ತುತ್ತಿದ್ದರು. ತಂಗಡಿ ಗಿಡದ ಪೊರಕೆ ಹಿಡಿದು ಇಡೀ ಬಂಡೆಯನ್ನು ಮೇಲಿನಿಂದ ಕೆಳಗಿನವರೆಗೆ ಗುಡಿಸುತ್ತಿದ್ದರು. ಕಸವೆಲ್ಲ ದೊಣೆಯಿಂದಾಚೆ ಹೋಗಬೇಕು. ಮೊದಲ ಮಳೆಯ ನೀರು ಚೊಕ್ಕಟವಾಗಿ ಇಳಿಯಬೇಕು. ಹೆಂಗಸರು ಹಾಡುತ್ತಿದ್ದರು. ಮುದುಕರು ಬಂಡೆಯ ನೆರಳಿನಲ್ಲಿ ಕುಳಿತು ಬೆಲ್ಲದ ಪಾನಕ ಕಲಸುತ್ತಿದ್ದರು.

ಆ ಊರಿನಲ್ಲಿ ಬೋರಯ್ಯನೆಂಬ ಗಾಣಿಗನಿದ್ದ. ಅವನು ತನ್ನ ಹೆಂಡತಿ ಮುದ್ದವ್ವನನ್ನು ಮೊದಲು ಕಂಡದ್ದೇ ಬಂಡೆ ಗುಡಿಸುವ ದಿನ. ಸೋದರತ್ತೆಯ ಮನೆಗೆಂದು ಬಂದ ಹುಡುಗಿ ಊರವರ ಜೊತೆಗೆ ಗುಡ್ಡ ಹತ್ತಿದ್ದಳು. ಗುಡಿಸುವ ರಭಸಕ್ಕೆ ಅವಳ ತಲೆಯ ಮೇಲಿನ ಸೆರಗು ಜಾರಿ ಬಿದ್ದರೂ ಅವಳಿಗೆ ಅದರ ಗಮನವಿರಲಿಲ್ಲ. ಮುದುಕನಾದ ಮೇಲೂ ಬೋರಯ್ಯ ಈ ಮಾತನ್ನು ಹೇಳಿ ಹೇಳಿ ಅವಳಿಂದ ಬೈಸಿಕೊಳ್ಳುತ್ತಿದ್ದ.

ಹೀಗಿರುವಾಗ ನಾಡಿನ ಪಾಳೆಯಗಾರ ಹತ್ತಿರದ ಬೆಟ್ಟದ ಮೇಲೆ ಕೋಟೆ ಕಟ್ಟಿಸತೊಡಗಿದ. ಕಲ್ಲು ಒಡೆಯುವವರು ಬಂದರು. ಅವರ ಹಿಂದೆ ಸುಣ್ಣ ಸುಡುವವರು, ಗಾಡಿ ಹೊಡೆಯುವವರು, ಅವರಿಗೆಲ್ಲ ರೊಟ್ಟಿ ಬಡಿದು ಮಾರುವವರು ಬಂದರು. ಒಂದೆರಡು ವರ್ಷದಲ್ಲಿ ಊರಿನ ಜನಕ್ಕಿಂತ ಬಂದ ಜನವೇ ಹೆಚ್ಚಾಯಿತು. ಕಣದ ಜಾಗದಲ್ಲಿ ಗುಡಿಸಲುಗಳೆದ್ದವು. ಅಲ್ಲಿಯೂ ಜಾಗ ಸಾಲದೆ ಗುಡ್ಡದ ಇಳಿಜಾರಿನಲ್ಲೂ ಎದ್ದವು. ಹತ್ತಿರ ಸೌದೆ ಸಿಗದೆ, ಬೆಳಿಗ್ಗೆ ಹೋದ ಹೆಂಗಸರು ಸಂಜೆಗೆ ಮರಳುವಂತಾಯಿತು. ದೊಣೆಯ ಬಳಿ ದಿನವೂ ಕೊಡಕ್ಕೆ ಕೊಡ ತಗುಲಿ ಜಗಳ. ಬೇಸಿಗೆಯಲ್ಲಿ ನೀರು ಸಾಲದೆ, ಅರ್ಧ ಕೊಡ ಸಿಕ್ಕಿದವರೇ ಪುಣ್ಯವಂತರು ಅನ್ನುವಂತಾಯಿತು.

ಸಂಜೆ ಗಾಣ ನಿಂತ ಮೇಲೆ ಹಳಬರು ಬೋರಯ್ಯನ ಜಗಲಿಗೆ ಬಂದು ಕೂರುತ್ತಿದ್ದರು. ಬೋರಯ್ಯ ಹಳೆಯ ಊರಿನ ಮಾತು ತೆಗೆಯುತ್ತಿದ್ದ. ಯಾರ ಮನೆಯ ಬಾಗಿಲಿಗೂ ಅಗುಳಿ ಇಲ್ಲದ ಕಾಲ, ಯಾರ ಮಗು ಅತ್ತರೂ ದನಿಯಲ್ಲೇ ಗುರುತು ಸಿಗುತ್ತಿದ್ದ ಕಾಲ. ಅವನು ಹೇಳುತ್ತಿದ್ದರೆ ಎಲ್ಲ ಕಣ್ಣೆದುರೇ ನಡೆದಂತೆ ಇರುತ್ತಿತ್ತು. ಕೇಳಿದವರು ನಿಟ್ಟುಸಿರು ಬಿಟ್ಟು ಮನೆಗೆ ಹೋಗುತ್ತಿದ್ದರು. ಜಗಲಿಯ ಮುಂದೆಯೇ ಗುಡಿಸಲಿನವರು ಹಾದುಹೋಗುತ್ತಿದ್ದರು. ಆಗ ಮಾತು ನಿಲ್ಲುತ್ತಿತ್ತು. ಅವರು ಮರೆಯಾದ ಮೇಲೆ ಮತ್ತೆ ಶುರುವಾಗುತ್ತಿತ್ತು.

ಆ ವರ್ಷ ಮೋಡ ಮೂಡಿತು. ಗುಡ್ಡಕ್ಕೆ ಹೋಗುವುದು ಯಾವಾಗ ಎಂದು ಯಾರೋ ಕೇಳಿದರು.

"ಬಂಡೆಯ ಮೇಲಿರುವ ಬೂದಿ ಯಾರದು? ಸಗಣಿ ಯಾರದು?" ಎಂದ ಬೋರಯ್ಯ. "ಚೆಲ್ಲಿದವರೇ ಬಳಿಯಲಿ."

ಉಳಿದವರಿಗೂ ಅದು ಸರಿ ಎನಿಸಿತು. ಮುದ್ದವ್ವ ಮಾತ್ರ, "ನಾವಿಬ್ಬರಾದರೂ ಹೋಗಿ ಆದಷ್ಟು ಗುಡಿಸಿ ಬರೋಣ" ಎಂದಳು. ಬೋರಯ್ಯ ಏಳಲಿಲ್ಲ.

ಮಳೆ ಬಂತು. ಇಳಿಜಾರಿನ ಮೇಲಿದ್ದುದೆಲ್ಲ ದೊಣೆಗೆ ಬಂತು. ನೀರು ಕಂದಾಗಿತ್ತು, ಆಮೇಲೆ ನಾರತೊಡಗಿತು. ಬೇರೆ ನೀರಿಲ್ಲದೆ ಜನ ಅದನ್ನೇ ಸೋಸಿ ಕುಡಿದರು. ಮನೆ ಮನೆಯಲ್ಲೂ ವಾಂತಿಭೇದಿ ಹತ್ತಿತು. ಮಲಗಿದ ಮುದ್ದವ್ವ ಮತ್ತೆ ಏಳಲಿಲ್ಲ.

ಅವಳನ್ನು ಮಣ್ಣು ಮಾಡಿ ಎಲ್ಲರೂ ಹೋದರು. ಬೋರಯ್ಯ ಹೋಗದೆ ಅಲ್ಲಿಯೇ ಕುಳಿತಿದ್ದ. ತುಸು ದೂರದಲ್ಲಿ ಒಬ್ಬ ಕಲ್ಲುಕೆಲಸದವನು ಒಬ್ಬನೇ ಗುಂಡಿ ತೋಡುತ್ತಿದ್ದ. ಬಲು ಚಿಕ್ಕ ಗುಂಡಿ. ಪಕ್ಕದಲ್ಲಿ ಬಟ್ಟೆಯಲ್ಲಿ ಸುತ್ತಿದ ಮಗುವಿತ್ತು. ಆ ಕಲ್ಲುಕೆಲಸದವನ ಹೆಸರು ಪುಲ್ಲಯ್ಯ. ಗುಂಡಿ ಮುಚ್ಚಿದ ಮೇಲೆ ಅವನು ಬೋರಯ್ಯನ ಬಳಿಗೆ ಬಂದ.

"ಅಜ್ಜ, ಈ ಊರಿನ ನೀರು ಮೊದಲಿನಿಂದಲೂ ಹೀಗೆಯೇ?"

ಬೋರಯ್ಯನಿಗೆ ಸಿಟ್ಟು ನೆತ್ತಿಗೇರಿತು. "ನೀವು ಬರುವ ಮೊದಲು ದೊಣೆಯ ತಳದ ಹರಳು ಕಾಣುತ್ತಿತ್ತು. ಪ್ರತಿ ವರ್ಷ ನಾವು ಗುಡ್ಡದ ಬಂಡೆಯನ್ನೆಲ್ಲ ಗುಡಿಸುತ್ತಿದ್ದೆವು, ಗೊತ್ತೇ ನಿನಗೆ?" ಎಂದು ಶುರುಮಾಡಿದ. ಬೈಯಲೆಂದೇ ಬಾಯಿ ತೆರೆದಿದ್ದ. ಆದರೆ ತಂಗಡಿ ಪೊರಕೆಯ ಮಾತು ಬಂತು, ಪಾನಕದ ಮಾತು ಬಂತು, ಮುದ್ದವ್ವನ ಮಾತು ಬಂತು. ಅಲ್ಲಿಂದ ಮುಂದೆ ಬೈಗುಳ ಮರೆತೇಹೋಯಿತು.

ಪುಲ್ಲಯ್ಯ ಗುದ್ದಲಿಗೆ ಒರಗಿ ನಿಂತು ಪೂರ್ತಿ ಕೇಳಿದ.

"ನಮ್ಮಲ್ಲಿ ಒಬ್ಬರಿಗೂ ಇದು ಗೊತ್ತಿಲ್ಲ ಅಜ್ಜ. ಗುಡ್ಡ ಖಾಲಿ ಇತ್ತು, ಗುಡಿಸಲು ಹಾಕಿಕೊಂಡೆವು. ಆ ನೀರನ್ನು ನನ್ನ ಮಗುವೂ ಕುಡಿಯುತ್ತಿತ್ತಲ್ಲ. ಗೊತ್ತಿದ್ದರೆ ಅಲ್ಲಿ ಬೂದಿ ಚೆಲ್ಲುತ್ತಿದ್ದೆವೇ?"

ತನ್ನ ಜಗಲಿಯ ಮುಂದೆ ಈ ಮನುಷ್ಯ ದಿನವೂ ಹಾದುಹೋಗುತ್ತಿದ್ದುದು ಬೋರಯ್ಯನಿಗೆ ನೆನಪಾಯಿತು.

ಮಾರನೆಯ ದಿನ ಅವನೇ ಗುಡಿಸಲುಗಳ ಕಡೆಗೆ ನಡೆದ. ಜನರನ್ನು ಕೂಡಿಸಿ ಮಳೆ ಎಲ್ಲಿ ಬಿದ್ದು ಎಲ್ಲಿ ಹರಿದು ಎಲ್ಲಿ ನಿಲ್ಲುತ್ತದೆಂದು ಕೈ ಮಾಡಿ ತೋರಿಸಿದ. ದೊಣೆಯ ನೀರನ್ನು ಮೊಗೆದು ಚೆಲ್ಲಿ, ತಳ ಕೆರೆದು ತೊಳೆದರು. ಅದು ಮತ್ತೆ ತುಂಬುವವರೆಗೆ ದೂರದ ಊರುಗಳಿಂದ ಗಾಡಿಯಲ್ಲಿ ನೀರು ತಂದರು. ಹಳಬರಲ್ಲಿ ಕೆಲವರು ಕೈಜೋಡಿಸಿದರು, ಕೆಲವರು ಬೋರಯ್ಯನಿಗೆ ಬುದ್ಧಿ ಕೆಟ್ಟಿದೆಯೆಂದು ಅವನ ಜಗಲಿಗೆ ಬರುವುದನ್ನೇ ಬಿಟ್ಟರು. ಇಳಿಜಾರಿನ ಗುಡಿಸಲುಗಳನ್ನು ಕೆಳಗಿಳಿಸುವಾಗ ದೊಡ್ಡ ಜಗಳವೇ ಆಯಿತು. ನಾವು ಇಳಿದು ಹೋಗುವುದೆಲ್ಲಿಗೆ ಎಂದು ಅಲ್ಲಿಯವರು ಕೇಳಿದರು. ಬೋರಯ್ಯ ತನ್ನ ಹಿತ್ತಿಲನ್ನು ಬಿಟ್ಟುಕೊಟ್ಟ. ಅದನ್ನು ನೋಡಿ ಇನ್ನಿಬ್ಬರು ಬಿಟ್ಟುಕೊಟ್ಟರು. ಕಲ್ಲುಕೆಲಸದವರು ಕೋಟೆಯ ಕೆಲಸ ಮುಗಿಸಿ ಬಂದು ಸಂಜೆಯ ಹೊತ್ತು ಇನ್ನೊಂದು ದೊಣೆ ಕೊರೆಯತೊಡಗಿದರು.

ಇಷ್ಟಾದರೂ ಹಳೆಯ ಊರು ಮರಳಿ ಬರಲಿಲ್ಲ. ಬೇಸಿಗೆಯಲ್ಲಿ ನೀರು ಸಾಲದಾಗುವುದು ತಪ್ಪಲಿಲ್ಲ. ಸೌದೆ ಹತ್ತಿರವಾಗಲಿಲ್ಲ.

ಮುಂದಿನ ವರ್ಷ ಮೋಡ ಮೂಡಿದಾಗ ಇಡೀ ಊರು ಗುಡ್ಡ ಹತ್ತಿತು. ಬೋರಯ್ಯನಿಗೆ ಅರ್ಧ ಜನರ ಹೆಸರು ಗೊತ್ತಿರಲಿಲ್ಲ. ಹಾಡು ಯಾವುದೋ ಬೇರೆಯ ಮಾತಿನಲ್ಲಿತ್ತು. ಅವನು ಒಂದು ಕಲ್ಲಿನ ಮೇಲೆ ಕುಳಿತು ನೋಡಿದ. ಹಳೆಯ ಊರು ಬೇಕೆನಿಸಿತು. ಮುದ್ದವ್ವ ಬೇಕೆನಿಸಿದಳು. ಅತ್ತ. ಅತ್ತಾದ ಮೇಲೆ ಎದ್ದು ಹೋಗಿ ಎಲ್ಲರ ನಡುವೆ ನಿಂತು ಗುಡಿಸತೊಡಗಿದ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ, "ಹಾಗಾದರೆ ಮರುಗುವುದು ತಪ್ಪಲ್ಲವೇ, ಗುರುಗಳೇ?" ಎಂದ.

"ತಪ್ಪಲ್ಲ, ಆದರೆ ನಿನ್ನ ಹಳೆಯ ಊರು ಹೇಗಿತ್ತೆಂದು ಹೊಸದಾಗಿ ಬಂದವರಲ್ಲಿ ಯಾರಿಗೆ ಹೇಳಿ ಬಂದೆ?"