ಒಂದೇ ಕಡೆ ಬಿದ್ದ ಗುಂಡುಗಳು

ಕೊಡಗಿನ ಒಂದು ಮನೆಯಲ್ಲಿ ಹಳೆಯ ಕೋವಿಯೊಂದಿತ್ತು. ಆಯುಧಗಳನ್ನು ಪೂಜಿಸುವ ಕೈಲ್ ಪೊಳ್ದ್ ಹಬ್ಬದಲ್ಲಿ ಗುಂಡು ಹೊಡೆಯಲೆಂದು ಮರಕ್ಕೆ ಕಟ್ಟುವ ತೆಂಗಿನಕಾಯಿಯನ್ನು ಈ ವರ್ಷವೂ ಒಡೆಯದಿದ್ದರೆ ಕೋವಿಯನ್ನು ಅಲಂಕಾರಕ್ಕೆ ಗೋಡೆಗೆ ನೇತುಹಾಕುವುದೆಂದು ಮನೆಯವರು ಮಾತಾಡಿಕೊಂಡಿದ್ದರು. ಒಡತಿ ಚೋಂದಮ್ಮ ಮಾತ್ರ ಒಂದು ಪುಟ್ಟ ತಕ್ಕಡಿ ತಂದಳು. ಅಲ್ಲಿಯವರೆಗೆ ಚಮಚದಲ್ಲಿ ಅಂದಾಜಿಗೆ ಸುರಿಯುತ್ತಿದ್ದ ಕೋವಿಮದ್ದನ್ನು ತೂಗಿ ತೂಗಿ ತೋಟಾಗಳಿಗೆ ತುಂಬಿದಳು. ಆಮೇಲೆ ಉಸಿರು ಹಿಡಿದು ಹಲಗೆಗೆ ಗುರಿಯಿಟ್ಟಳು. ಗುಂಡುಗಳೆಲ್ಲ ಗುರಿಯಿಂದ ಗೇಣು ಎಡಕ್ಕೆ, ಒಂದರ ಮಗ್ಗುಲಲ್ಲೊಂದು ಹೋಗಿ ಕೂತವು.

"ಭೇಷ್," ಎಂದಿತು ತಕ್ಕಡಿ.

ಕೋವಿಗೆ ತಲೆಬುಡ ತಿಳಿಯಲಿಲ್ಲ. "ಏನು ಭೇಷ್, ತಂಗೀ? ಒಂದೂ ತಾಗಲಿಲ್ಲ. ಚಮಚದ ಕಾಲದಲ್ಲಿ ಹಲಗೆ ತುಂಬ ಬೀಳುತ್ತಿದ್ದವು, ಅಪರೂಪಕ್ಕೆ ನಡುವಿಗೂ ಬೀಳುತ್ತಿತ್ತು. ನೀನು ಬಂದು ಅದನ್ನೂ ಕಳೆದೆ."

"ಆಗ ತಪ್ಪು ಮದ್ದಿನದೋ, ಕೈಯದೋ, ನಿನ್ನದೋ ಗೊತ್ತಾಗುತ್ತಿರಲಿಲ್ಲ, ಅಣ್ಣಾ."

"ನನ್ನದಂತೂ ಅಲ್ಲ."

"ಈಗ ಮದ್ದು ಒಂದೇ ತೂಕ. ಕೈಯೂ ಅಲುಗಲಿಲ್ಲ. ಇನ್ನು ಉಳಿದವರು ಯಾರು, ನೀನೇ ಹೇಳು."

ಕೋವಿ ಅತ್ತ ನೋಡಿತು, ಇತ್ತ ನೋಡಿತು. ಉಳಿದವರು ಯಾರೂ ಕಾಣಲಿಲ್ಲ. ಅಷ್ಟರಲ್ಲಿ ಚೋಂದಮ್ಮ ಕೋವಿಯನ್ನು ಖಾಲಿ ಮಾಡಿ, ನಳಿಗೆಯ ತುದಿಯಲ್ಲಿ ಗುರಿ ನೋಡಲೆಂದಿದ್ದ ಗುರಿಮಣಿಯನ್ನು ಬೆರಳಿನಿಂದ ಸವರಿದಳು. ಅದು ಯಾವಾಗಲೋ ಬಾಗಿತ್ತು. ಮೆಲ್ಲಗೆ ತಟ್ಟಿ ನೆಟ್ಟಗೆ ಮಾಡಿದಳು.

ಹಬ್ಬದ ದಿನ ಒಂದೇ ಗುಂಡಿಗೆ ಕಾಯಿ ಒಡೆದು ನೀರು ಚಿಮ್ಮಿತು. ಗೋಡೆಯ ಮಾತು ಅಲ್ಲಿಗೇ ನಿಂತಿತು.

ಕೋವಿ ತಕ್ಕಡಿಯ ಕಡೆ ತಿರುಗಿ ಹೇಳಿತು: "ನೋಡಿದೆಯಾ ತಂಗೀ, ಕಡೆಗೂ ನಿನ್ನ ಮದ್ದು ಸುಧಾರಿಸಿತು."