ಬಾಗಿಲ ಹಿಂದಿನ ಶೂರ

ಕಡಲಬಂಡೆಗೆ ಅಂಟಿದ ಸುಣ್ಣದ ಕೊಳವೆಯಲ್ಲಿ ಹುಳುವೊಂದಿತ್ತು. ಮೀನಿನ ನೆರಳು ಬಿದ್ದೊಡನೆ ಒಳಸರಿದು, ಕೊಳವೆಯ ಬಾಯಿಗೆ ಮುಚ್ಚಳದಂಥ ತನ್ನ ಬಾಗಿಲು ಜಡಿಯುತ್ತಿತ್ತು. ಮೀನು ದಾಟಿಹೋದ ಮೇಲೆ ಗರಿಯಂಥ ಕಿವಿರು ಹೊರಚಾಚಿ ಅರಳಿಸಿ, "ನೋಡಿದೆಯಾ? ನನ್ನ ಬಾಗಿಲ ಸದ್ದಿಗೇ ಓಡಿಹೋದ!" ಎಂದು ನೆರೆಮನೆಯ ಸಿಗಡಿಯ ಮುಂದೆ ಜಂಬ ಕೊಚ್ಚುತ್ತಿತ್ತು.

ಸಿಗಡಿ ನಂಬಿತು. ಮುಂದಿನ ಸಲ ಮೀನು ಬಂದಾಗ ಬಿಲ ಸೇರದೆ ಹುಳುವಿನ ಬಾಗಿಲಲ್ಲೇ ನಿಂತಿತು. ಬಾಗಿಲು ಮುಚ್ಚಿತು, ಮೀನು ಬಾಯಿ ತೆರೆಯಿತು. ಸಿಗಡಿ ಹಿಂದಕ್ಕೆ ಹಾರಿ ಜೀವ ಉಳಿಸಿಕೊಂಡರೂ ಒಂದು ಮೀಸೆ ಮೀನಿನ ಪಾಲಾಯಿತು.

ಮೀನು ಹೋದಮೇಲೆ ಹುಳು ಇಣುಕಿ, "ನಾನು ಅವನನ್ನು ಓಡಿಸುತ್ತಿದ್ದರೆ ನೀನೇಕೆ ಹಾರಿದೆ, ಹೇಡಿ?" ಎಂದಿತು.

ಉಳಿದೊಂದು ಮೀಸೆ ನೇವರಿಸುತ್ತ ಸಿಗಡಿ ಹೇಳಿತು: "ಹೇಡಿಯೇ ಸರಿ. ಆದರೂ ನಾನು ಮೀನಿನ ಹಲ್ಲು ಕಂಡವನು. ಶೂರಪ್ಪಾ, ನೀನು ಜನ್ಮದಲ್ಲಿ ಕಂಡಿರುವುದು ನಿನ್ನ ಬಾಗಿಲಿನ ಒಳಮೈ ಒಂದನ್ನೇ!"