ಐಗಳು ಬಿಟ್ಟ ಮೆಟ್ಟಲ

ಯಾವ ಕಾಲ ಅಂತ ಕೇಳಬ್ಯಾಡ್ರಿ, ನಮ್ಮ ಮುತ್ಯಾನ ಮುತ್ಯಾಗೂ ಗೊತ್ತಿರಲಿಲ್ಲ. ಒಂದೂರಾಗ ಅಡಿವೆಯ್ಯ ಅಂತ ಒಬ್ಬ ಐಗಳು ಇದ್ರಂತ. ಐಗಳು ಅಂದ್ರ ಸಾಲಿ ಮಾಸ್ತರು. ಉಸುಕು ಹಾಸಿ, ಅದರ ಮ್ಯಾಲೆ ಬೆರಳಿಂದ ಬರೆಸಿ ಕಲಿಸ್ತಿದ್ರಂತ. ಅವರು ಕಲಿಸಿದ್ರ ಕಲ್ಲೂ ಲೆಕ್ಕಾ ಮಾಡ್ತಿತ್ತು ಅಂತ ಹೇಳ್ತಾರ. ಕಲ್ಲಿನ ಮಾತು ನಾ ನಂಬಂಗಿಲ್ಲ. ಆ ಊರ ಮಂದಿಗೆ ಕಲಿಸಿದ್ರಲ್ಲ, ಅದ ದೊಡ್ಡದು.

ಲೆಕ್ಕದಾಗ ಗೊತ್ತಿಲ್ಲದ ಸಂಖ್ಯೆಗೆ ಅವರು ಗುಮ್ಮ ಅಂತ ಹೆಸರಿಟ್ಟಿದ್ರು. ಗುಮ್ಮ ಮುಸುಕು ಹಾಕ್ಕೊಂಡು ಕುಂತಾನ, ಅವನ ಸುತ್ತ ಕುಂತವರನ್ನ ಒಬ್ಬೊಬ್ಬರನ್ನ ಎಬ್ಬಿಸಿ ಕಳಸ್ರಿ, ಒಬ್ಬನ ಉಳದ ಅಂದ್ರ ಮುಸುಕು ತಾನ ಬೀಳ್ತೈತಿ ಅಂತಿದ್ರಂತ. ಲೆಕ್ಕ ಅಂದ್ರ ತಕ್ಕಡಿ ಇದ್ದಂಗ, ಈ ಕಡೆ ತಗದ್ರ ಆ ಕಡೀಗೂ ತಗೀಬೇಕು. ಒಂದು ಮೆಟ್ಟಲಾನೂ ಬಿಡಬಾರದು. ಗುಮ್ಮನ ಹೆಸರು ಕೇಳಿ ಹುಡುಗರು ಹೆದರ್ತಾವ ಅಂತ ತಾಯಂದ್ರು ಬೈದ್ರೂ ಹೆಸರು ಬದಲಾಗ್ಲಿಲ್ಲ.

ಆ ಊರಿಗೆಲ್ಲಾ ಒಂದ ಕೆರಿ. ಮ್ಯಾಲಿನ ಓಣಿಯವರ ಹೊಲ ಕೆಳಗಿನ ಓಣಿಯವರದರ ಎರಡರಷ್ಟು. ಅದಕ್ಕ ನೀರಿನ ಸರದಿನೂ ಎರಡರಷ್ಟು, ಮತ್ತ ದೇವರ ಹೊಲಕ್ಕ ಅಂತ ಅವರಿಗೇ ಮೂರು ಸರದಿ ಹೆಚ್ಚು. ಕೆರಿ ಎಷ್ಟು ತುಂಬ್ತಿತ್ತೋ ಅಷ್ಟು ಸರದಿ. ಪ್ರತಿ ವರ್ಷ ಹಿರೇರು ಬರೋರು, ಐಗಳು ಉಸುಕಿನ ಮ್ಯಾಲೆ ಬಿಡಿಸಿ ತೋರಸೋರು, ಮಂದಿ ತಲಿ ಅಲ್ಲಾಡಿಸಿ ಮನಿ ಮುಟ್ಟೂದ್ರಾಗ ಮರತು ಬಿಡೋರು.

ಐಗಳಿಗೆ ವಯಸ್ಸಾತು. ಅದ ಲೆಕ್ಕ, ಅದ ತಪ್ಪು, ಅದ ಮಾತು. ಮೊಣಕಾಲು ಬಗ್ಗವಲ್ಲವು, ದನಿ ಏಳವಲ್ದು. ಸಾಕಪ್ಪಾ ಶಿವನೇ, ಸಾಕು ಅಂತ ಕುಂತಲ್ಲೇ ಅನ್ನೋರಂತ. ಆ ವರ್ಷ ಇಪ್ಪತ್ತೇಳು ಸರದಿ ಬಂದ್ವು. ಹಿರೇರು ಬಂದು ನಿಂತಾಗ ಐಗಳು ಗ್ವಾಡಿಗೆ ಆತು ಕುಂತಿದ್ರು. ಏಳಬೇಕು, ಉಸುಕು ಹಾಸಬೇಕು, ಹೇಳಿದ್ದ ಮತ್ತ ಹೇಳಬೇಕು. ಜೀವ ಒಲ್ಲೆ ಅಂತು. ಕೆಳಗಿನ ಓಣಿಗೆ ಎಂಟು, ಮ್ಯಾಲಿನ ಓಣಿಗೆ ಹತ್ತೊಂಬತ್ತು, ಹೋಗ್ರಿ ಅಂದು ಕಣ್ಣು ಮುಚ್ಚಿದ್ರಂತ.

ಉತ್ತರ ಸರಿನ ಇತ್ತು. ಅದ ನೋಡ್ರಿ ಕರ್ಮ!

ಕೆಳಗಿನ ಓಣಿಯವರು ಮನಿಗೆ ಹೋಗಿ ಬೆರಳು ಮಡಚಿದ್ರು. ಅವರದು ಎರಡು ಪಾಲು, ನಮ್ಮದು ಒಂದು, ಕೂಡಿ ಮೂರು. ಇಪ್ಪತ್ತೇಳನ್ನ ಮೂರು ಪಾಲು ಮಾಡಿದ್ರ ಒಂಬತ್ತಲ್ಲೇನು? ದೇವರ ಮೂರು ಸರದಿ ಮೊದಲ ತಗದಿಡೂದನ್ನ ಮರತಿದ್ರು. ಐಗಳ ಮನಿ ಇರೂದು ಮ್ಯಾಲಿನ ಓಣ್ಯಾಗ, ನಮ್ಮದೊಂದು ಸರದಿ ನುಂಗಿದ್ರು ಅಂತ ಗುಲ್ಲೆದ್ದಿತು. ಬಡಿಗಿ ಹಿಡಕೊಂಡು ಕೆರಿ ತೂಬಿನ ಹತ್ರ ನಡದ್ರು, ಮ್ಯಾಲಿನವರೂ ಬಂದ್ರು. ಐಗಳ ಕೈಯಾಗ ಕಲಿತ ಫಕೀರಪ್ಪ, ಕೆಳಗಿನ ಓಣಿಯವನ ಅಂವ, ನಡಬರಕ ಹೋಗಿ ನಿಂತ. "ಎಂಟು ಹೆಂಗ ಬಂತು ಅಂತ ಈ ಗದ್ದಲದಾಗ ನನಗೂ ಹೊಳೀವಲ್ದು, ಆದ್ರ ಐಗಳು ಎಂಟು ಅಂದ್ರ ಎಂಟ" ಅಂದನಂತ. ಅವನ ತಲಿಗೆ ಯಾರ ಬಡಿಗಿ ಬಿತ್ತೋ, ಯಾರೂ ಒಪ್ಪಿಲ್ಲ. ಫಕೀರಪ್ಪ ಮ್ಯಾಲೇಳಲಿಲ್ಲ.

ಮಣ್ಣು ಮಾಡಿ ಬಂದ ಮ್ಯಾಲೆ ಐಗಳು ಅವನ ಮನಿಗೆ ಹೋದ್ರು. ಅವನ ತಾಯಿ ಹೊನ್ನವ್ವ ಶಾಪ ಹಾಕ್ತಾಳ, ಹಾಕಲಿ, ಅದಕ್ಕ ನಾ ಬಂದೀನಿ ಅಂತ ತಲಿ ಬಗ್ಗಿಸಿ ನಿಂತ್ರು. ಆಕಿ ಅಳಲಿಲ್ಲ, ಬೈಲಿಲ್ಲ.

"ಆ ಎಂಟು ಹೆಂಗ ಬಂತ್ರಿ ಅಯ್ಯಾರ? ನನ್ನ ಮಗ ಸತ್ತದ್ದು ಅದಕ್ಕ. ನನಗ ತೋರಸ್ರಿ" ಅಂದಳಂತ.

ಅಕ್ಷರ ಮುಟ್ಟಿದಾಕಿ ಅಲ್ಲ ಆಕಿ. ಐಗಳು ಅಂಗಳದಾಗ ಕುಂತ್ರು. ಇಪ್ಪತ್ತೇಳು ಹಳ್ಳು, ಅಂದ್ರ ಸಣ್ಣ ಕಲ್ಲು, ಆರಿಸಿ ಇಟ್ರು. ದೇವರ ಮೂರು ಮೊದಲ ತಗದಿಡು ತಾಯಿ ಅಂದ್ರು. ತಗದಿಟ್ಟಳು. ಉಳದದ್ದನ್ನ ಮೂರು ಗುಂಪಿಗೆ ಒಂದೊಂದ ಹಂಚು ಅಂದ್ರು. ಹಂಚಿದಳು. ಎರಡು ಗುಂಪು ಮ್ಯಾಲಿನವರಿಗೆ, ದೇವರ ಮೂರೂ ಅವರಿಗೆ, ಒಂದು ಗುಂಪು ನಿಮ್ಮ ಓಣಿಗೆ, ಎಣಿಸು ಅಂದ್ರು. ಆಕಿ ಎಣಿಸಿದಳು, ಎಂಟು.

"ಇಷ್ಟನ ಏನ್ರಿ?" ಅಂದಳಂತ ಹೊನ್ನವ್ವ.

ಆಮ್ಯಾಲೆ ಸಾಯೂ ತನಕ ಐಗಳು ಬರೇ ಉತ್ತರ ಯಾರಿಗೂ ಹೇಳಲಿಲ್ಲ. ಎಷ್ಟು ರೊಟ್ಟಿ ಬೇಕು ಅಂದ್ರೂ ಉಸುಕು ಹಾಸ್ತಿದ್ರು ಅಂತ ಕೆಲವರು ಹೇಳಿ ನಗ್ತಾರ. ನನಗಂತೂ ನಗು ಬರಂಗಿಲ್ಲ.

ಈಗೂ ಆ ಊರಾಗ ತೂಬು ಎತ್ತೂ ದಿನ ಕೆರಿ ದಂಡ್ಯಾಗ ಹಳ್ಳು ಆರಿಸಿ ಇಡ್ತಾರ. ಊರಾಗ ಕಲಿತವರು ಎಷ್ಟರ ಇರ್ಲಿ, ಲೆಕ್ಕ ತೋರಸೂದು ಸಾಲಿ ಮಾರಿ ನೋಡದ ಒಬ್ಬಾಕಿ ಮುದುಕಿಗೆ. ತಿಳೀಲಿಲ್ಲ ಅಂದ್ರ ಮತ್ತ ಮೊದಲಿಂದ. ಬಿಸಲು ಏರ್ತೈತಿ, ಮಂದಿ ಬ್ಯಾಸತ್ತು ಆಕಳಸ್ತಾರ. ಆಕಿ ತನ್ನ ಬಾಯಿಲೆ ತಿಳೀತು ಅನ್ನೂ ತನಕ ತೂಬಿಗೆ ಯಾರೂ ಕೈ ಹಚ್ಚಂಗಿಲ್ಲ.